ನಲ್ಲಿ ತೊಟ್ಟಿಕ್ಕಲು ಯಾಕೆ ಬಿಡಬೇಕು? ಟೆಕ್ಸಸ್‌ನ ಕಡುಚಳಿಗೆ ಮನೆ, ಗ್ಯಾರೇಜ್ ಸಜ್ಜು ಮಾಡುವ ಬಗೆ

ಡಲ್ಲಾಸ್ ಸುತ್ತಮುತ್ತಲ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಜನವರಿ ಬಂತೆಂದರೆ ಒಂದು ಪ್ರಶ್ನೆ ತಪ್ಪುವುದಿಲ್ಲ. "ನಾಳೆ ರಾತ್ರಿ 15 ಡಿಗ್ರಿ ಅಂತೆ. ನಲ್ಲಿ ತೊಟ್ಟಿಕ್ಕೋಕೆ ಬಿಡಬೇಕಾ?" ಅದರ ಕೆಳಗೆ ಇಪ್ಪತ್ತು ಉತ್ತರ. ಬಿಡಿ ಅನ್ನುವವರು, ಬೇಡ ಅನ್ನುವವರು, ಬಿಸಿನೀರಿನದ್ದು ಮಾತ್ರ ಬಿಡಿ ಅನ್ನುವವರು. "ನಾವು ಮೂರು ವರ್ಷದಿಂದ ಏನೂ ಮಾಡಿಲ್ಲ, ಏನೂ ಆಗಿಲ್ಲ" ಅನ್ನುವ ಒಬ್ಬರಂತೂ ಇದ್ದೇ ಇರುತ್ತಾರೆ. ಯಾಕೆ ಬಿಡಬೇಕು, ಬಿಟ್ಟರೆ ಪೈಪಿನೊಳಗೆ ಏನಾಗುತ್ತದೆ ಎಂದು ಹೇಳುವವರು ಮಾತ್ರ ಅಪರೂಪ.

2021ರ ಫೆಬ್ರುವರಿಯಲ್ಲಿ ಇಲ್ಲಿದ್ದವರಿಗೆ ಈ ಪ್ರಶ್ನೆ ಸುಮ್ನೆ ಕುತೂಹಲದ್ದಲ್ಲ. ಆ ತಿಂಗಳ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 19. ಐದು ದಿನಕ್ಕೂ ಹೆಚ್ಚು ಕಾಲ ತಾಪಮಾನ ನೀರು ಹೆಪ್ಪುಗಟ್ಟುವ ಮಟ್ಟದಿಂದ ಮೇಲೆ ಬರಲೇ ಇಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಂತೆ 246 ಜನ ಸತ್ತರು. ಸಾವಿರಾರು ಮನೆಗಳಲ್ಲಿ ಪೈಪು ಒಡೆದು, ಛಾವಣಿ ಕಳಚಿ ನೀರು ಸುರಿಯಿತು. ಅಂಥ ಚಳಿ ದಿನಾ ಬರುವುದಿಲ್ಲ, ನಿಜ. ಆದರೆ ಮನೆಯ ಪೈಪು ಒಡೆಯಲು ಅಷ್ಟು ಚಳಿಯೂ ಬೇಕಿಲ್ಲ.

ಊರಿನ ಚಳಿ ಬೇರೆ, ಈ ಚಳಿ ಬೇರೆ

ಮೊದಲು ಅಂಕಿಯ ಗೊಂದಲ ಕಳೆದುಕೊಳ್ಳೋಣ. ಅಮೆರಿಕದಲ್ಲಿ ಹೇಳುವುದೆಲ್ಲ ಫ್ಯಾರನ್‌ಹೀಟ್. ಅದರಲ್ಲಿ 32 ಎಂದರೆ ನಮ್ಮ ಸೊನ್ನೆ ಸೆಲ್ಸಿಯಸ್. ನೀರು ಗಟ್ಟಿಯಾಗುವ ಗೆರೆ ಅದು. 20 ಎಂದರೆ ಮೈನಸ್ 7, 15 ಎಂದರೆ ಮೈನಸ್ 9. ಹೊಸದಾಗಿ ಬಂದ ಅಪ್ಪ ಅಮ್ಮನಿಗೆ "ಹೊರಗೆ ಇಪ್ಪತ್ತು ಡಿಗ್ರಿ" ಎಂದರೆ ಹಾಯಾಗಿ ವಾಕಿಂಗ್ ಹೊರಟಾರು!

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಅಂದರೆ ನಮ್ಮ ಅಜ್ಜನ ಅಜ್ಜನ ಕಾಲದಲ್ಲೂ ಬೆಂಗಳೂರಿನ ಪೈಪಿನಲ್ಲಿ ನೀರು ಗಟ್ಟಿಯಾದದ್ದಿಲ್ಲ. ನಮಗೆ ಚಳಿ ಎಂದರೆ ಮೈಗೆ ಆಗುವುದು. ಸ್ವೆಟರ್ ಹಾಕಿದರೆ ಮುಗಿಯಿತು. ಮನೆಗೂ ಚಳಿಯಾಗುತ್ತದೆ ಎನ್ನುವ ಅಭ್ಯಾಸ ನಮಗಿಲ್ಲ.

ಹವಾಮಾನ ಇಲಾಖೆಯ ಮಾತುಗಳೂ ಹೊಸಬರಿಗೆ ತಲೆ ತಿನ್ನುತ್ತವೆ. 'ವಿಂಟರ್ ಸ್ಟಾರ್ಮ್ ವಾಚ್' ಎಂದರೆ ಮೋಡ ಕವಿದಿದೆ, ಒಣಹಾಕಿದ ಬಟ್ಟೆಯ ಮೇಲೊಂದು ಕಣ್ಣಿರಲಿ ಅಂದ ಹಾಗೆ. 'ವಾರ್ನಿಂಗ್' ಎಂದರೆ ಹನಿ ಬಿತ್ತು, ಓಡಿ ಬಟ್ಟೆ ತೆಗೆಯಿರಿ ಅಂದ ಹಾಗೆ. ಈ ಲೇಖನದಲ್ಲಿ ಹೇಳುವ ಹೆಚ್ಚಿನ ಕೆಲಸ ವಾಚ್ ಬಂದಾಗಲೇ ಮುಗಿಯಬೇಕು. ವಾರ್ನಿಂಗ್ ಬಂದ ಮೇಲೆ ಅಂಗಡಿಗೆ ಹೋದರೆ ನಲ್ಲಿಗೆ ಹಾಕುವ ಫೋಮ್ ಟೋಪಿ ಒಂದೂ ಸಿಗುವುದಿಲ್ಲ.

ಇನ್ನೊಂದು, 'ವಿಂಡ್ ಚಿಲ್'. ಗಾಳಿ ಬೀಸಿದಾಗ ಮೈಗೆ ಎಷ್ಟು ಚಳಿ ಅನ್ನಿಸುತ್ತದೆ ಎನ್ನುವ ಅಂಕಿ ಇದು. ಬಿಸಿ ಕಾಫಿಯನ್ನು ಊದಿದರೆ ಬೇಗ ಆರುತ್ತದೆ. ಎಷ್ಟೇ ಊದಿದರೂ ಐಸ್ ಆಗುವುದಿಲ್ಲ, ಅಲ್ವಾ? ಪೈಪಿಗೂ ಹಾಗೇ. ಗಾಳಿಯಿಂದ ಅದು ಬೇಗ ತಣ್ಣಗಾಗುತ್ತದೆ, ಹೊರಗಿನ ನಿಜವಾದ ತಾಪಮಾನಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪೈಪಿನ ವಿಷಯಕ್ಕೆ ನಿಜವಾದ ತಾಪಮಾನ ನೋಡಿ, ಮಕ್ಕಳನ್ನು ಹೊರಗೆ ಕಳಿಸುವಾಗ ವಿಂಡ್ ಚಿಲ್ ನೋಡಿ.

ಮಿನೆಸೋಟದಲ್ಲಿ ಒಡೆಯದ ಪೈಪು ಇಲ್ಲೇಕೆ ಒಡೆಯುತ್ತದೆ

ಮಿನೆಸೋಟ, ಮಿಷಿಗನ್ ಕಡೆ ಮೈನಸ್ 20 ಸೆಲ್ಸಿಯಸ್ ಮಾಮೂಲು. ಅಲ್ಲಿಯವರು ಟೆಕ್ಸಸ್ ನೋಡಿ ನಗುವುದೂ ಉಂಟು. ಆದರೆ ಅಲ್ಲಿನ ಮನೆಯನ್ನು ಕಟ್ಟಿರುವುದೇ ಚಳಿಗಾಗಿ. ನೀರಿನ ಪೈಪು ನೆಲದೊಳಗೆ ಆಳದಲ್ಲಿ ಬರುತ್ತದೆ, ಬೆಚ್ಚಗಿನ ನೆಲಮಾಳಿಗೆಗೆ ಬಂದು ಏರುತ್ತದೆ. ಹೊರಗೋಡೆಯ ಪಕ್ಕ ಪೈಪು ಓಡಿಸುವುದನ್ನು ಆದಷ್ಟು ತಪ್ಪಿಸುತ್ತಾರೆ.

ಟೆಕ್ಸಸ್ ಮನೆ ಕಟ್ಟುವುದು ಬೇಸಿಗೆಗೆ. ಇಲ್ಲಿ ನೆಲಮಾಳಿಗೆ ಇಲ್ಲವೆಂದೇ ಹೇಳಬಹುದು. ಕಾಂಕ್ರೀಟ್ ಹಾಸಿನ ಮೇಲೆ ಮರದ ಚೌಕಟ್ಟು, ಅದರ ಹೊರಗೆ ಒಂದು ಸುತ್ತು ಇಟ್ಟಿಗೆ. ಪೈಪುಗಳು ಗೋಡೆಯೊಳಗೆ ಏರಿ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಹರಿದಾಡುತ್ತವೆ. ವಾಟರ್ ಹೀಟರ್ ಕೂಡ ಅಟ್ಟದಲ್ಲೋ ಗ್ಯಾರೇಜಿನಲ್ಲೋ ಇರುತ್ತದೆ. ಟ್ಯಾಂಕ್ ಇಲ್ಲದ ಹೊಸ ಮಾದರಿಯದ್ದಾದರೆ ಕೆಲವು ಕಡೆ ಹೊರಗೋಡೆಗೇ ನೇತುಹಾಕಿರುತ್ತಾರೆ. ಅಟ್ಟಕ್ಕೂ ಗ್ಯಾರೇಜಿಗೂ ಹೀಟರ್ ಗಾಳಿ ಬರುವುದಿಲ್ಲ. ಅಂದರೆ ಮನೆಯ ಜೀವನಾಡಿ ಹಾದುಹೋಗುವುದು ಮನೆಯ ಅತಿ ತಣ್ಣನೆಯ ಜಾಗಗಳಲ್ಲೇ.

ಇಂಥ ಕಡೆ ಎಷ್ಟು ಚಳಿಗೆ ಎಚ್ಚರವಾಗಬೇಕು? ಇಲಿನಾಯ್ ವಿಶ್ವವಿದ್ಯಾಲಯದವರು ಅಟ್ಟದಲ್ಲಿ ಹೊದಿಕೆ ಇಲ್ಲದ ಪೈಪುಗಳನ್ನಿಟ್ಟು ಪರೀಕ್ಷೆ ಮಾಡಿದ್ದರು. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಾಗ ಅಪಾಯ ಶುರು ಎಂದು ಅವರು ಕಂಡುಕೊಂಡರು. ದಕ್ಷಿಣದ ರಾಜ್ಯಗಳಲ್ಲಿ ಈಗಲೂ ಹೇಳುವ ಎಚ್ಚರಿಕೆಯ ಗೆರೆ ಅದೇ. ಉತ್ತರ ಟೆಕ್ಸಸ್‌ನಲ್ಲಿ ಅಂಥ ರಾತ್ರಿ ಹೆಚ್ಚಿನ ಚಳಿಗಾಲಗಳಲ್ಲಿ ಒಂದೆರಡಾದರೂ ಬರುತ್ತದೆ.

ಪೈಪು ಒಡೆಯುವುದು ಎಲ್ಲಿ, ಹೇಗೆ

ನೀರು ಗಟ್ಟಿಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಮರೆತವರಿಗೆ ಇದನ್ನು ಹೇಳಬೇಕಿಲ್ಲ. ಹಾಗಾಗಿ ಐಸ್ ಆದ ಜಾಗದಲ್ಲೇ ಪೈಪು ಒಡೆಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಹಾಗಾಗುವುದಿಲ್ಲ. ಇಡೀ ವಿಷಯ ಇರುವುದು ಇಲ್ಲೇ.

ಸೈಕಲ್ ಪಂಪು ನೆನಪಿಸಿಕೊಳ್ಳಿ. ಅದರ ಬಾಯಿಗೆ ಬೆರಳು ಒತ್ತಿ ಹಿಡಿದು ಹಿಡಿಕೆ ತಳ್ಳಿದರೆ ಒಳಗೆ ಒತ್ತಡ ಏರುತ್ತದೆ. ಪೈಪಿನಲ್ಲೂ ನಡೆಯುವುದು ಅದೇ. ಅಟ್ಟದ ತಣ್ಣನೆ ಮೂಲೆಯಲ್ಲಿ ಒಂದು ಐಸ್ ಬಿರಡೆ ಹುಟ್ಟುತ್ತದೆ. ಅದು ಬೆಳೆಯುತ್ತಾ ಪೈಪಿನುದ್ದಕ್ಕೂ ಚಾಚುತ್ತದೆ. ಬೀದಿಯ ಕಡೆಗೆ ತಳ್ಳಲ್ಪಟ್ಟ ನೀರು ಹಿಂದಕ್ಕೆ ಹೋಗುತ್ತದೆ, ಅಲ್ಲಿ ತೊಂದರೆಯಿಲ್ಲ. ನಲ್ಲಿಯ ಕಡೆಗೆ ತಳ್ಳಲ್ಪಟ್ಟ ನೀರಿಗೆ ಹೋಗಲು ಜಾಗವಿಲ್ಲ. ಒಂದು ಕಡೆ ಐಸ್, ಇನ್ನೊಂದು ಕಡೆ ಮುಚ್ಚಿದ ನಲ್ಲಿ. ನೀರನ್ನು ಗಾಳಿಯ ಹಾಗೆ ಅದುಮಲು ಬರುವುದಿಲ್ಲ. ನಡುವೆ ಸಿಕ್ಕಿಕೊಂಡ ಆ ನೀರಿನ ಒತ್ತಡ ಏರಿ ಏರಿ, ಎಲ್ಲಿ ಪೈಪು ಸೊರಗಿದೆಯೋ ಅಲ್ಲಿ ಸೀಳುತ್ತದೆ. ಆ ಜಾಗದಲ್ಲಿ ಐಸ್ ಇಲ್ಲದೆಯೂ ಇರಬಹುದು.

ಈಗ ನಲ್ಲಿ ತೊಟ್ಟಿಕ್ಕಲು ಯಾಕೆ ಬಿಡಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಪಂಪಿನ ಬಾಯಿಂದ ಬೆರಳು ತೆಗೆದ ಹಾಗೆ ಅದು. ಐಸ್ ಆದರೂ ಒತ್ತಡ ನಲ್ಲಿಯಿಂದ ಹೊರಗೆ ಹೋಗುತ್ತದೆ. ಜೊತೆಗೆ ನೆಲದಡಿಯಿಂದ ಬರುವ ನೀರು ಅಷ್ಟು ತಣ್ಣಗಿರುವುದಿಲ್ಲ. ಅದು ಸ್ವಲ್ಪ ಸ್ವಲ್ಪವೇ ಹರಿಯುತ್ತಿದ್ದರೆ ಪೈಪಿಗೆ ಒಂಚೂರು ಬಿಸಿಯೂ ಸಿಗುತ್ತದೆ. ಎರಡನೆಯದು ಸಣ್ಣ ಲಾಭ, ಮೊದಲನೆಯದೇ ಮುಖ್ಯ.

ಇದೇ ತರ್ಕದಿಂದ ಉಳಿದ ಪ್ರಶ್ನೆಗಳನ್ನೂ ಬಿಡಿಸಬಹುದು. ಯಾವ ನಲ್ಲಿ? ಹೊರಗೋಡೆಗೆ ಅಂಟಿದ್ದು, ಗ್ಯಾರೇಜ್ ಪಕ್ಕದ್ದು, ಬೀದಿ ಪೈಪಿನಿಂದ ಅತಿ ದೂರದ್ದು. ತಣ್ಣೀರೋ ಬಿಸಿನೀರೋ? ಎರಡೂ ಬೇರೆ ಬೇರೆ ಪೈಪು, ಆದ್ದರಿಂದ ಎರಡೂ. ಒಂದೇ ಹಿಡಿಕೆಯ ನಲ್ಲಿಯಾದರೆ ಹಿಡಿಕೆ ನಡುವೆ ಇರಲಿ. ಎಷ್ಟು? ನಿಲ್ಲದೆ ತೊಟ್ಟಿಕ್ಕಿದರೆ ಸಾಕು. ಬಾತ್‌ರೂಮಿನ ತುಂಬ ಧಾರೆ ಹರಿಸಬೇಕಿಲ್ಲ. 2021ರಲ್ಲಿ ಎಲ್ಲರೂ ಜಾಸ್ತಿ ಬಿಟ್ಟು, ಒಡೆದ ಪೈಪುಗಳೂ ಸೇರಿ, ಆಸ್ಟಿನ್‌ನಂಥ ಕಡೆ ಊರಿನ ನೀರಿನ ಒತ್ತಡವೇ ಕುಸಿದು, "ದಯವಿಟ್ಟು ತೊಟ್ಟಿಕ್ಕಿಸಬೇಡಿ" ಎಂದು ನಗರದವರೇ ಕೇಳಿಕೊಳ್ಳಬೇಕಾಯಿತು. ಪಾತ್ರೆ ಇಟ್ಟು ಆ ನೀರು ಹಿಡಿದಿಡಿ, ಕೆಲಸಕ್ಕೆ ಬರುತ್ತದೆ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ರಾತ್ರಿ ತೆಗೆದೇ ಇರಲಿ, ರೂಮಿನ ಬಿಸಿ ಒಳಗೆ ಹೋಗಲಿ. ಚಿಕ್ಕ ಮಕ್ಕಳಿದ್ದರೆ ಅಲ್ಲಿರುವ ಫಿನಾಯಿಲ್, ಸೋಪುಗಳನ್ನು ಮೊದಲು ಎತ್ತಿಡಿ.

ಹೊರಗಿನ ತೋಟದ ನಲ್ಲಿಯದ್ದು ಬೇರೆ ಕಥೆ. ಅದಕ್ಕೆ ಸಿಕ್ಕಿಸಿದ ರಬ್ಬರ್ ಪೈಪನ್ನು ಬಿಚ್ಚಿಡುವುದನ್ನು ಜನ ಮರೆಯುತ್ತಾರೆ. ಪೈಪು ಸಿಕ್ಕಿಸಿಯೇ ಇದ್ದರೆ ನೀರು ಒಳಗೇ ನಿಂತು, ಐಸ್ ಆಗಿ, ಗೋಡೆಯೊಳಗಿನ ಪೈಪಿನವರೆಗೆ ಬೆಳೆಯುತ್ತದೆ. ಬಿಚ್ಚಿ, ನೀರು ಬಸಿದು, ಮೇಲೊಂದು ಫೋಮ್ ಟೋಪಿ ಹಾಕಿ. ಅದು ಸಿಗದಿದ್ದರೆ ಹಳೇ ಟವೆಲ್ ಸುತ್ತಿ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದರೂ ನಡೆಯುತ್ತದೆ. ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್‌ನ ಟೈಮರ್ ಆರಿಸಿ. ಅದರ ಹಿತ್ತಾಳೆ ವಾಲ್ವ್ ನೆಲದಿಂದ ಮೇಲೆ ಎದ್ದು ನಿಂತಿರುತ್ತದೆ, ಅದಕ್ಕೂ ಹೊದಿಕೆ ಬೇಕು.

ಮೊದಲು ಹುಡುಕಬೇಕಾದ್ದು ಮೇನ್ ವಾಲ್ವ್

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ. ಮನೆಗೆ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದು ಇವತ್ತೇ ನೋಡಿ ಬನ್ನಿ. ಸಾಮಾನ್ಯವಾಗಿ ರಸ್ತೆ ಪಕ್ಕ ಹುಲ್ಲಿನಲ್ಲಿ ನೀರಿನ ಮೀಟರಿನ ಡಬ್ಬಿ ಇರುತ್ತದೆ. ಮುಚ್ಚಳ ತೆಗೆದರೆ ಒಳಗೆ ವಾಲ್ವ್. ಕೆಲವು ಮನೆಗಳಲ್ಲಿ ಗ್ಯಾರೇಜ್ ಗೋಡೆಯಲ್ಲೋ, ಮನೆ ಪಕ್ಕದ ಸಣ್ಣ ಡಬ್ಬಿಯಲ್ಲೋ ಇನ್ನೊಂದಿರುತ್ತದೆ. ಮೀಟರಿನದನ್ನು ತಿರುಗಿಸಲು ಉದ್ದ ಹಿಡಿಕೆಯ ಟಿ ಆಕಾರದ ಕೀ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯಲ್ಲ.

ಯಾಕಿಷ್ಟು ಒತ್ತಿ ಹೇಳುತ್ತೇನೆಂದರೆ, ಪೈಪು ಒಡೆದದ್ದರಿಂದ ಆಗುವ ನಷ್ಟ ಸಣ್ಣದು. ಒಡೆದ ಮೇಲೆ ನೀರು ಎಷ್ಟು ಹೊತ್ತು ಸುರಿಯಿತು ಎನ್ನುವುದರ ಮೇಲೆ ಉಳಿದ ಬಿಲ್ಲು. ಐದು ನಿಮಿಷದಲ್ಲಿ ನಿಲ್ಲಿಸಿದರೆ ಒಂದು ಗೋಡೆ ಹಾಳು. ಒಂದು ಗಂಟೆ ಬಿಟ್ಟರೆ ಛಾವಣಿ, ಮರದ ನೆಲ, ಸೋಫಾ ಎಲ್ಲ ಹೋಯಿತು. ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ಐಸ್ ಮೇಲೆ ನಿಂತು ಮೊದಲ ಸಲ ಆ ಡಬ್ಬಿ ಹುಡುಕುವುದು ಯಾರಿಗೂ ಬೇಡ. ಮನೆಯ ದೊಡ್ಡವರೆಲ್ಲರಿಗೂ ಗೊತ್ತಿರಲಿ. ನಮ್ಮಲ್ಲಿ ಇಂಥದ್ದು ಗಂಡಸರಿಗೆ ಮಾತ್ರ ಗೊತ್ತಿರುತ್ತದೆ, ಅವರು ಆ ವಾರ ಆಫೀಸ್ ಕೆಲಸಕ್ಕೆ ಬೇರೆ ಊರಲ್ಲಿರುತ್ತಾರೆ.

ಬಿಸಿ ಹೊರಗೆ ಹೋಗುವ ದಾರಿಗಳು

ಚಳಿ ಒಳಗೆ ಬಂತು ಅನ್ನುತ್ತೇವೆ. ನಿಜದಲ್ಲಿ ಬಿಸಿ ಹೊರಗೆ ಹೋಗುತ್ತಿರುತ್ತದೆ. ಕಂಬಳಿ ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಅಟ್ಟದಲ್ಲಿ ಹರಡಿರುವ ಹತ್ತಿಯಂಥ ವಸ್ತು, ಅದೇ ಇನ್ಸುಲೇಷನ್, ಮನೆಯ ಕಂಬಳಿ. ಅದರ ಶಕ್ತಿಯನ್ನು 'ಆರ್ ವ್ಯಾಲ್ಯೂ' ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ದೊಡ್ಡದಿದ್ದಷ್ಟೂ ಕಂಬಳಿ ದಪ್ಪ ಅಂದುಕೊಳ್ಳಿ. ಚಳಿಗಾಲದ ಬೆಳಗ್ಗೆ ಊಟಕ್ಕೆ ಬರೀ ಕಲ್ಲುನೆಲದ ಮೇಲೆ ಕೂರುವುದಕ್ಕೂ ಮಣೆಯ ಮೇಲೆ ಕೂರುವುದಕ್ಕೂ ಇರುವ ವ್ಯತ್ಯಾಸವೇ ಇದು. ಕಲ್ಲು ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ.

ಇಲ್ಲೊಂದು ತಪ್ಪು ಎಷ್ಟೋ ಕಡೆ ನಡೆಯುತ್ತದೆ. ಅಟ್ಟದಲ್ಲಿ ಪೈಪಿನ ಕೆಳಗೆ ಇನ್ಸುಲೇಷನ್ ಹಾಕಿ ಪೈಪನ್ನು ಮೇಲೆ ಬರಿದಾಗಿ ಬಿಟ್ಟಿರುತ್ತಾರೆ. ಆಗ ಮನೆಯ ಬಿಸಿ ಪೈಪಿಗೆ ಸಿಗದಂತೆ ನಾವೇ ಅಡ್ಡ ಹಾಕಿದಂತಾಯಿತು. ಕಂಬಳಿ ಪೈಪಿನ ಮೇಲೆ ಬರಬೇಕು, ಪೈಪು ಮನೆಯ ಕಡೆಗಿರಬೇಕು.

ಬಾಗಿಲು, ಕಿಟಕಿಗಳ ಸಂದು ಇನ್ನೊಂದು ದಾರಿ. ಗಾಳಿ ಇರುವ ದಿನ ಊದುಬತ್ತಿ ಹಚ್ಚಿ ಬಾಗಿಲಿನ ಅಂಚಿನಲ್ಲಿ ಹಿಡಿಯಿರಿ, ಪರದೆಯಿಂದ ದೂರ. ಹೊಗೆ ಎಲ್ಲಿ ವಾಲುತ್ತದೋ ಅಲ್ಲಿ ಸಂದಿದೆ. ಅಂಟಿಸುವ ಫೋಮ್ ಪಟ್ಟಿ ಸಾಕು. ಬಾಗಿಲ ಕೆಳಗೆ ಹಳೇ ಪಂಚೆ ಸುರುಳಿ ಸುತ್ತಿಟ್ಟರೂ ಆದೀತು. ಅಟ್ಟಕ್ಕೆ ಹತ್ತುವ ಮಡಿಸುವ ಏಣಿಯ ಬಾಗಿಲು ಎಲ್ಲರೂ ಮರೆಯುವ ದೊಡ್ಡ ಸಂದು.

ಹೀಟರ್ ಎಷ್ಟರಲ್ಲಿರಬೇಕು? ಮನೆಯಲ್ಲಿ ಯಾರೂ ಇಲ್ಲದಿದ್ದರೂ 55 ಫ್ಯಾರನ್‌ಹೀಟ್‌ಗಿಂತ, ಅಂದರೆ 13 ಸೆಲ್ಸಿಯಸ್‌ಗಿಂತ, ಕೆಳಗೆ ಇಳಿಸಬೇಡಿ. ರೂಮಿನಲ್ಲಿ 55 ಇದ್ದರೆ ಗೋಡೆಯೊಳಗೆ ಇನ್ನೂ ಕಡಿಮೆ ಇರುತ್ತದೆ ಎನ್ನುವುದು ಅದರ ಹಿಂದಿನ ಲೆಕ್ಕ.

ಗ್ಯಾರೇಜ್: ಮನೆಯ ಅತಿ ದೊಡ್ಡ ಕಿಂಡಿ

ಎರಡು ಕಾರು ಹೋಗುವಷ್ಟು ಅಗಲದ, ತೆಳು ತಗಡಿನ ಬಾಗಿಲು. ಮನೆಯಲ್ಲಿ ಇದಕ್ಕಿಂತ ದೊಡ್ಡ ಕಿಂಡಿ ಇಲ್ಲ. ಅದರಾಚೆ ನಾವು ಏನೇನು ಇಟ್ಟಿರುತ್ತೇವೆ ನೋಡಿ: ವಾಟರ್ ಹೀಟರ್, ಎರಡನೇ ಫ್ರಿಜ್, ಅಕ್ಕಿ ಚೀಲ, ಬಣ್ಣದ ಡಬ್ಬ, ಕರಿಬೇವಿನ ಕುಂಡ.

ಬಾಗಿಲಿನ ಕೆಳಗಂಚಿನ ರಬ್ಬರ್ ಪಟ್ಟಿ ನೋಡಿ. ಹಗಲಲ್ಲಿ ಒಳಗೆ ನಿಂತಾಗ ಕೆಳಗಿನಿಂದ ಬೆಳಕು ಕಂಡರೆ ಅದು ಸವೆದಿದೆ ಎಂದರ್ಥ. ಬದಲಿಸುವುದು ಕಷ್ಟವಲ್ಲ. ಬಾಗಿಲಿನ ಒಳಮೈಗೆ ಅಂಟಿಸುವ ಇನ್ಸುಲೇಷನ್ ಹಲಗೆಗಳೂ ಸಿಗುತ್ತವೆ. ಆದರೆ ಅದರಿಂದ ಬಾಗಿಲಿನ ತೂಕ ಏರುತ್ತದೆ, ಎತ್ತುವ ಸ್ಪ್ರಿಂಗ್‌ಗೆ ಹೊರೆಯಾದೀತು. ಆ ಸ್ಪ್ರಿಂಗನ್ನು ಮಾತ್ರ ನೀವೇ ಬಿಗಿ ಮಾಡಲು ಹೋಗಬೇಡಿ. ಬಿಡಿಸಿಕೊಂಡರೆ ಮೂಳೆ ಮುರಿಯುವಷ್ಟು ಬಲ ಅದರಲ್ಲಿ ಸುತ್ತಿಕೊಂಡಿರುತ್ತದೆ. ಗ್ಯಾರೇಜಿಗೆ ಬರುವ ನೀರಿನ ಪೈಪುಗಳಿಗೆ ಫೋಮ್ ಕೊಳವೆ ತೊಡಿಸಿ. ಮೂಲೆ, ತಿರುವುಗಳನ್ನು ಬಿಡಬೇಡಿ. ಒಡೆಯುವುದು ಅಲ್ಲೇ ಜಾಸ್ತಿ.

ಮಳೆ ಬಿದ್ದು ಹೆಪ್ಪುಗಟ್ಟಿದರೆ ಬಾಗಿಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಆಗ ಬಟನ್ ಒತ್ತಿ ಒತ್ತಿ ಮೋಟರ್ ಸುಡುವವರಿದ್ದಾರೆ, ಇಲ್ಲವೇ ರಬ್ಬರ್ ಪಟ್ಟಿ ಕಿತ್ತು ನೆಲದಲ್ಲೇ ಉಳಿಯುತ್ತದೆ. ಹೇರ್ ಡ್ರೈಯರ್‌ನಿಂದ ಅಂಚನ್ನು ಬೆಚ್ಚಗೆ ಮಾಡಿ, ಆಮೇಲೆ ಎತ್ತಿ. ಕರೆಂಟು ಹೋದರೆ ಏನು ಮಾಡುವುದು? ಮೋಟರಿನಿಂದ ಕೆಂಪು ಹಿಡಿಯ ಹಗ್ಗವೊಂದು ನೇತಾಡುತ್ತಿರುತ್ತದೆ. ಬಾಗಿಲು ಮುಚ್ಚಿದ್ದಾಗ ಅದನ್ನೆಳೆದರೆ ಮೋಟರ್ ಬಿಡಿಸಿಕೊಳ್ಳುತ್ತದೆ, ಕೈಯಲ್ಲಿ ಎತ್ತಬಹುದು. ಒಂದು ಭಾನುವಾರ ಬಿಸಿಲಿದ್ದಾಗ ಮಾಡಿ ನೋಡಿ.

ಈಗ ಫ್ರಿಜ್. ಗ್ಯಾರೇಜ್ ಐಸಿನಂತಿರುವಾಗ ಅಲ್ಲಿನ ಫ್ರಿಜ್‌ನ ಫ್ರೀಜರ್‌ನಲ್ಲಿಟ್ಟ ತೆಂಗಿನ ತುರಿ ಕರಗಿ ನೀರಾಗುತ್ತದೆ. ವಿಚಿತ್ರ ಅನ್ನಿಸುತ್ತದೆ, ಕಾರಣ ಸರಳ. ಎಷ್ಟೋ ಫ್ರಿಜ್‌ಗಳಲ್ಲಿ ತಾಪಮಾನ ಅಳೆಯುವ ಕಣ್ಣು ಒಂದೇ, ಅದೂ ಕೆಳಗಿನ ಫ್ರಿಜ್ ಭಾಗದಲ್ಲಿ. ಗ್ಯಾರೇಜೇ ತಣ್ಣಗಿದ್ದರೆ "ಇಲ್ಲಿ ಸಾಕಷ್ಟು ತಂಪಿದೆ" ಎಂದು ಅದು ಯಂತ್ರ ಓಡಿಸುವುದೇ ಇಲ್ಲ. ಫ್ರೀಜರ್‌ಗೆ ಬೇಕಾದ ಮೈನಸ್ 18 ಸೆಲ್ಸಿಯಸ್ ಉಳಿಯುವುದಿಲ್ಲ. ಗ್ಯಾರೇಜ್‌ಗೆಂದೇ ಮಾಡಿದ ಫ್ರಿಜ್‌ಗಳು ಬೇರೆ ಇವೆ.

ಸೋಡಾ ಡಬ್ಬಿಗಳು ಉಬ್ಬಿ ಒಡೆಯುತ್ತವೆ. ನೀರು ಬೆರೆಸುವ ಗೋಡೆ ಬಣ್ಣ ಹೆಪ್ಪುಗಟ್ಟಿದರೆ ಮೊಸರು ಒಡೆದ ಹಾಗಾಗಿ ಕೆಲಸಕ್ಕೆ ಬರುವುದಿಲ್ಲ. ಡ್ರಿಲ್, ಮಕ್ಕಳ ಸ್ಕೂಟರ್‌ಗಳ ಲಿಥಿಯಂ ಬ್ಯಾಟರಿಯನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಎಲ್ಲವನ್ನೂ ಒಳಗೆ ತನ್ನಿ. ಕರಿಬೇವನ್ನೂ. ಗ್ಯಾರೇಜ್‌ನಲ್ಲಿಟ್ಟರೆ ಸಾಮಾನ್ಯ ಚಳಿ ತಡೆದುಕೊಳ್ಳುತ್ತದೆ, ಕಡುಚಳಿಯ ರಾತ್ರಿ ಹಾಲ್‌ನಲ್ಲೇ ಒಂದು ಮೂಲೆ ಕೊಡಬೇಕು.

ಕಾರು

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕೆಲಸ ಮಂದವಾಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸಲು ಜಾಸ್ತಿ ಬಲ ಬೇಕಾಗುತ್ತದೆ. ಮೂರು ವರ್ಷ ದಾಟಿದ ಬ್ಯಾಟರಿಯನ್ನು ಚಳಿಗೆ ಮೊದಲೇ ಪರೀಕ್ಷೆ ಮಾಡಿಸಿ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗಲೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಬೆಳಗ್ಗೆ ಟೈರ್ ದೀಪ ಉರಿದರೆ ಗಾಬರಿ ಬೇಡ, ಗಾಳಿ ತುಂಬಿಸಿ. ರೇಡಿಯೇಟರ್‌ಗೆ ಬರೀ ನೀರು ಹಾಕಿರಬಾರದು. ನೀರು, ಆಂಟಿಫ್ರೀಝ್ ಅರ್ಧರ್ಧ ಬೆರೆತಿದ್ದರೆ ಸುಮಾರು ಮೈನಸ್ 37 ಸೆಲ್ಸಿಯಸ್‌ವರೆಗೂ ಗಟ್ಟಿಯಾಗುವುದಿಲ್ಲ.

ಮನೆ ಮುಂದಿನ ಇಳಿಜಾರಿಗೆ ಉಪ್ಪು ಚೆಲ್ಲುವುದೂ ಇದೇ ತತ್ವ. ಉಪ್ಪು ಬೆರೆತರೆ ನೀರು ಗಟ್ಟಿಯಾಗಲು ಇನ್ನೂ ಜಾಸ್ತಿ ಚಳಿ ಬೇಕು. ಸಾಮಾನ್ಯ ಕಲ್ಲುಪ್ಪು ಸುಮಾರು ಮೈನಸ್ 9 ಸೆಲ್ಸಿಯಸ್‌ವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕಿಂತ ಕೆಳಗಾದರೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಅಡುಗೆ ಉಪ್ಪಿನ ಪೊಟ್ಟಣ ಸುರಿದವರನ್ನೂ ನೋಡಿದ್ದೇನೆ. ತಪ್ಪೇನಿಲ್ಲ, ದುಬಾರಿ ಅಷ್ಟೆ.

ಕಾಣದ, ವಾಸನೆಯಿಲ್ಲದ ಅಪಾಯ

2021ರ ಆ 246 ಸಾವುಗಳಲ್ಲಿ 161 ನೇರವಾಗಿ ಚಳಿಯಿಂದ. 19 ಸಾವು ಕಾರ್ಬನ್ ಮೋನಾಕ್ಸೈಡ್‌ನಿಂದ. ಬೆಚ್ಚಗಿರಲು ಹೋಗಿ ಸತ್ತವರು ಅವರು.

ಪೆಟ್ರೋಲ್, ಗ್ಯಾಸ್, ಇದ್ದಿಲು, ಸೌದೆ ಏನೇ ಆಗಲಿ, ಪೂರ್ತಿ ಉರಿಯದಿದ್ದರೆ ಈ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದನ್ನು ಬಸ್ಸು ಅಂದುಕೊಳ್ಳಿ. ಕಾರ್ಬನ್ ಮೋನಾಕ್ಸೈಡ್ ಆ ಬಸ್ಸಿನ ಸೀಟನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೇಗ ಇಳಿಯುವುದೂ ಇಲ್ಲ. ಬಸ್ಸು ಓಡುತ್ತಲೇ ಇರುತ್ತದೆ, ಆಮ್ಲಜನಕಕ್ಕೆ ಮಾತ್ರ ಜಾಗವಿಲ್ಲ. ಮೊದಲು ತಲೆನೋವು, ಸುಸ್ತು, ವಾಕರಿಕೆ. ಜ್ವರ ಬರುತ್ತಿದೆ ಅನ್ನಿಸಿ ಮಲಗಿದವರು ಏಳುವುದಿಲ್ಲ. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರ ಸುದ್ದಿ ಬರುತ್ತದಲ್ಲ, ಅದರ ಹಿಂದಿರುವುದೂ ಇದೇ ಅನಿಲ.

ಹಾಗಾಗಿ ಕೆಲವನ್ನು ಯಾವ ಕಾರಣಕ್ಕೂ ಮಾಡಬಾರದು. ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಒಳಗೆ ಕೂತು ಬೆಚ್ಚಗಾಗಬೇಡಿ. ಬಾಗಿಲು ತೆರೆದಿದ್ದರೂ ಅನಿಲ ಮನೆಯೊಳಗೆ ನುಸುಳುತ್ತದೆ. ಕೀ ಇಲ್ಲದೆ ಬಟನ್‌ನಿಂದ ಓಡುವ ಕಾರನ್ನು ಆರಿಸಲು ಮರೆಯುವುದು ಸುಲಭ, ಎರಡು ಸಲ ನೋಡಿ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ ಇರಬೇಕು, ಕಿಟಕಿ ಬಾಗಿಲುಗಳ ಕಡೆಗೆ ಹೊಗೆ ಬರಬಾರದು. ಒಳಗೆ ಇದ್ದಿಲಿನ ಗ್ರಿಲ್ ಬೇಡ. ಒಗ್ಗರಣೆ ಘಾಟು ಮನೆಯೊಳಗೆ ಬಾರದಿರಲೆಂದು ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಇಟ್ಟು ಬೋಂಡ ಕರಿಯುವ ಮನೆಗಳು ನಮ್ಮಲ್ಲಿ ಬಹಳ. ಬೇಸಿಗೆಯಲ್ಲಿ ಬಾಗಿಲು ತೆರೆದಿರುತ್ತದೆ. ಚಳಿಗೆ ಬಾಗಿಲು ಮುಚ್ಚಿಕೊಂಡು ಅದನ್ನೇ ಮಾಡಬೇಡಿ. ಕಿಚನ್ ಒಲೆಯನ್ನು ರೂಮು ಬಿಸಿ ಮಾಡಲು ಉರಿಸುವುದೂ ಬೇಡ.

ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮೋನಾಕ್ಸೈಡ್ ಅಲಾರ್ಮ್ ಮಲಗುವ ಕೋಣೆಗಳ ಹತ್ತಿರ ಇರಲಿ. ಅದು ಕೂಗಿದರೆ ಎಲ್ಲರೂ ಹೊರಗೆ ಓಡಿ, ಹೊರಗೆ ನಿಂತು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ಕರೆಂಟು ಹೋದರೆ

"ನಮ್ಮದು ಗ್ಯಾಸ್ ಹೀಟಿಂಗ್, ಕರೆಂಟು ಹೋದರೂ ಚಿಂತೆಯಿಲ್ಲ" ಅನ್ನುವವರು ಜಾಸ್ತಿ. ಗ್ಯಾಸ್ ಉರಿದರೂ ಆ ಬಿಸಿಯನ್ನು ಮನೆಗೆಲ್ಲ ಊದುವ ಫ್ಯಾನಿಗೆ ಕರೆಂಟೇ ಬೇಕು. 2021ರಲ್ಲಿ ಕಡುಚಳಿಗೆ ಬೇಡಿಕೆ ಏರಿತು, ಅದೇ ಹೊತ್ತಿಗೆ ಗ್ಯಾಸ್ ಬಾವಿಗಳೂ ವಿದ್ಯುತ್ ಸ್ಥಾವರಗಳೂ ಹೆಪ್ಪುಗಟ್ಟಿ ನಿಂತವು. ಟೆಕ್ಸಸ್‌ನ ಬಹುಭಾಗಕ್ಕೆ ಬೇರೆ ರಾಜ್ಯಗಳಿಂದ ದೊಡ್ಡ ಪ್ರಮಾಣದಲ್ಲಿ ಕರೆಂಟು ತರುವಂಥ ಜೋಡಣೆ ಇಲ್ಲ. ಇಡೀ ಜಾಲ ಪೂರ್ತಿ ಕುಸಿಯಲು 4 ನಿಮಿಷ 37 ಸೆಕೆಂಡ್ ಬಾಕಿ ಇತ್ತು ಎಂದು ಅದನ್ನು ನಡೆಸುವವರೇ ಆಮೇಲೆ ಹೇಳಿದರು.

ಕರೆಂಟು ಹೋದಾಗ ಎಲ್ಲರೂ ಒಂದೇ ರೂಮಿನಲ್ಲಿ ಸೇರಿ, ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ. ಬಾತ್‌ಟಬ್‌ನಲ್ಲಿ ಮೊದಲೇ ನೀರು ತುಂಬಿಟ್ಟಿದ್ದರೆ ಟಾಯ್ಲೆಟ್‌ಗಾದರೂ ಆಗುತ್ತದೆ, ಆದರೆ ಪುಟ್ಟ ಮಕ್ಕಳಿರುವ ಮನೆಯಲ್ಲಿ ಆ ಬಾಗಿಲಿಗೆ ಚಿಲಕ ಹಾಕಿ. ಕುಡಿಯುವ ನೀರು ಬೇರೆ ಇರಲಿ. ಆ ವಾರ 1.4 ಕೋಟಿಗೂ ಹೆಚ್ಚು ಜನರಿಗೆ ನಲ್ಲಿ ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಬಂದಿತ್ತು. ಕುದಿಸಲು ಕರೆಂಟೇ ಇರಲಿಲ್ಲ.

ಮನೆಯೊಳಗೇ ಹೆಪ್ಪುಗಟ್ಟುವಷ್ಟು ಚಳಿಯಾಗುವ ಲಕ್ಷಣ ಕಂಡರೆ ತೊಟ್ಟಿಕ್ಕುವುದನ್ನು ನಂಬಬೇಡಿ. ವಾಟರ್ ಹೀಟರ್ ಆರಿಸಿ, ಮೇನ್ ವಾಲ್ವ್ ಮುಚ್ಚಿ, ಮೇಲಿನ ಕೆಳಗಿನ ಎಲ್ಲ ನಲ್ಲಿ ತೆರೆದು ನೀರು ಬಸಿದುಬಿಡಿ. ಖಾಲಿ ಪೈಪು ಒಡೆಯುವುದಿಲ್ಲ.

ಕರೆಂಟಿದ್ದು ಸಣ್ಣ ರೂಮ್ ಹೀಟರ್ ಬಳಸುವುದಾದರೆ ನೇರ ಗೋಡೆಯ ಸಾಕೆಟ್‌ಗೇ ಹಾಕಿ. 1,500 ವ್ಯಾಟ್ ಹೀಟರ್ ಇಲ್ಲಿನ 120 ವೋಲ್ಟ್‌ನಲ್ಲಿ 12.5 ಆಂಪಿಯರ್ ಎಳೆಯುತ್ತದೆ. ಒಂದು ಸಾಲಿನ ಸಾಕೆಟ್‌ಗಳಿಗೆ ಎಷ್ಟೋ ಕಡೆ ಒಟ್ಟು ಮಿತಿಯೇ 15. ತೆಳು ಎಕ್ಸ್‌ಟೆನ್ಷನ್ ವೈರು ಅಷ್ಟು ತಡೆಯದೆ ಕರಗುತ್ತದೆ. ಹಾಸಿಗೆ, ಪರದೆಗಳಿಂದ 3 ಅಡಿ ದೂರ ಇರಲಿ.

ಡಿಸೆಂಬರ್‌ನಲ್ಲಿ ಊರಿಗೆ ಹೊರಟವರಿಗೆ

ಮಕ್ಕಳ ರಜೆ ಸಿಕ್ಕಿತೆಂದು ಡಿಸೆಂಬರ್ ನಡುವೆ ಬೆಂಗಳೂರಿಗೆ ಹೊರಡುತ್ತೇವೆ. ಬಿಲ್ಲು ಉಳಿಯಲೆಂದು ಹೀಟರ್ ಆರಿಸಿ ಹೋಗುತ್ತೇವೆ. ಅಲ್ಲಿ ಮದುವೆ ಊಟ, ಇಲ್ಲಿ ಖಾಲಿ ಮನೆಯಲ್ಲಿ ಪೈಪು ಒಡೆದು ಪಕ್ಕದ ಮನೆಯವರು ಬಾಗಿಲ ಕೆಳಗಿಂದ ನೀರು ಬರುವುದನ್ನು ನೋಡುವವರೆಗೆ ಸುರಿಯುತ್ತಲೇ ಇರುತ್ತದೆ. ಹೀಟರನ್ನು 55ಕ್ಕಿಂತ ಕೆಳಗಿಳಿಸದೆ ಹಾಗೇ ಬಿಡಿ, ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಬಸಿಯಿರಿ. ಒಬ್ಬ ಸ್ನೇಹಿತರ ಕೈಗೆ ಬೀಗದ ಕೈ ಕೊಟ್ಟಿರಿ. ಇನ್ಶೂರೆನ್ಸ್ ಪಾಲಿಸಿಯನ್ನೂ ಒಮ್ಮೆ ಓದಿ. ಮನೆ ಬೆಚ್ಚಗಿಡಲು ಪ್ರಯತ್ನಿಸದೆ ಪೈಪು ಒಡೆದರೆ ಪರಿಹಾರ ಕೊಡುವುದಿಲ್ಲ ಎಂಬ ಸಾಲು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ.

ಬಿಸಿಲು ಬಂದ ದಿನ

ನಲ್ಲಿ ತಿರುಗಿಸಿದರೆ ನೀರು ಬರುತ್ತಿಲ್ಲವೇ? ಎಲ್ಲೋ ಬಿರಡೆ ಕೂತಿದೆ. ನಲ್ಲಿ ತೆರೆದೇ ಇಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಹೇರ್ ಡ್ರೈಯರ್ ಹಿಡಿಯಿರಿ, ಇಲ್ಲವೇ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ. ಬೆಂಕಿ ಹಿಡಿಯಬೇಡಿ, ಗೋಡೆಯೊಳಗಿರುವುದು ಮರ.

ಸೀಳಿದ ಪೈಪು ಐಸ್ ಇರುವವರೆಗೆ ಸೋರುವುದಿಲ್ಲ. ಐಸೇ ಬೆಣೆ ಹೊಡೆದಂತೆ ಮುಚ್ಚಿರುತ್ತದೆ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ ನೀರು ಸುರಿಯುವುದು ಚಳಿ ಮುಗಿದು ಬಿಸಿಲು ಬಂದ ಮಧ್ಯಾಹ್ನ, ಎಲ್ಲರೂ ಸದ್ಯ ಬದುಕಿದೆವು ಎಂದು ಕಾಫಿಗೆ ಕೂತಾಗ. ಆ ದಿನ ಮೇನ್ ವಾಲ್ವ್ ಮುಚ್ಚಿದ್ದರೆ ಕಾಲು ಭಾಗ ಮಾತ್ರ ತೆರೆಯಿರಿ. ಒಬ್ಬರು ಮೀಟರ್ ಹತ್ತಿರ ನಿಲ್ಲಿ, ಇನ್ನೊಬ್ಬರು ಅಟ್ಟದ ಏಣಿ ಹತ್ತಿ ಟಾರ್ಚ್ ಹಿಡಿದು ಕಿವಿಗೊಡಲಿ. ಮನೆಯಲ್ಲಿ ಎಲ್ಲ ನಲ್ಲಿಗಳೂ ಮುಚ್ಚಿದ್ದು ಮೀಟರಿನ ಸಣ್ಣ ಮುಳ್ಳು ತಿರುಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಮತ್ತೆ ಮುಚ್ಚಿ. ಛಾವಣಿಯಲ್ಲಿ ಹೊಸ ಕಲೆ ಕಂಡರೆ ಫೋಟೋ ತೆಗೆದು, ಆಮೇಲೆ ಪ್ಲಂಬರ್‌ಗೆ ಫೋನ್ ಮಾಡಿ. ಆ ವಾರ ಅವರು ಬೇಗ ಸಿಗುವುದಿಲ್ಲ. ಮುಳ್ಳು ಅಲುಗದೆ ನಿಂತಿದ್ದರೆ ಪೂರ್ತಿ ತೆರೆದು, ಕರಿಬೇವಿನ ಕುಂಡವನ್ನು ಮತ್ತೆ ಗ್ಯಾರೇಜಿಗೆ ಸಾಗಿಸಬಹುದು.